ನೋಡಿಕೊಳ್ಳುವವರ ಬದುಕಿಗೆ ಅಳತೆ

ತಲೆಗೆ ಪೆಟ್ಟು ಬಿದ್ದ ಗಂಡನನ್ನೋ ಮಗನನ್ನೋ ವರ್ಷಗಟ್ಟಲೆ ನೋಡಿಕೊಳ್ಳುವ ಹೆಂಗಸು ಪ್ರಶ್ನಾವಳಿಗೆ ‘ಹೊರೆ ಅಂತ ಅನಿಸಿಲ್ಲ’ ಎಂದರೆ ಸಾಕು, ಅದನ್ನು ಭಾರತೀಯ ಕುಟುಂಬದ ಸಹನೆ ಎಂದು ಕೊಂಡಾಡುವುದು ಈಚಿನ ರೂಢಿ. ನಾನು ಒಪ್ಪಲಾರೆ. ಆ ಉತ್ತರ ಯಾವ ಪ್ರಶ್ನೆಗೆ, ಯಾರೆದುರು, ಪೆಟ್ಟು ಬಿದ್ದ ಎಷ್ಟನೇ ವರ್ಷದಲ್ಲಿ ಸಿಕ್ಕಿತು ಎಂದು ನೋಡದೆ ಅರ್ಥ ಹಚ್ಚುವಂತಿಲ್ಲ.

ಮೊದಮೊದಲು ಅಳೆದದ್ದು ರೋಗಿಯನ್ನಷ್ಟೇ. 1974ರ ಗ್ಲಾಸ್ಗೋ ಕೋಮಾ ಮಾಪಕ ಪ್ರಜ್ಞೆಯನ್ನು ಎಣಿಸಿತು, ಮರುವರ್ಷದ ಇನ್ನೊಂದು ಮಾಪಕ ಚೇತರಿಕೆಯನ್ನು. 1978ರಲ್ಲಿ ಅಮೆರಿಕದ ಮ್ಯೂರಿಯಲ್ ಲೆಜಾಕ್, ಸ್ವಭಾವವೇ ಬದಲಾದ ರೋಗಿಯೊಡನೆ ಬಾಳುವವರ ಬಗ್ಗೆ ಬರೆದರು. 1980ರ ಜಾರಿಟ್ ಮಾಪಕ ಮರೆವಿನ ಕಾಯಿಲೆಯವರ ಮನೆಯವರಿಗೆಂದು ಹುಟ್ಟಿ, 22 ಪ್ರಶ್ನೆಗಳ ರೂಪದಲ್ಲಿ ಈಗ ಎಲ್ಲ ಕಾಯಿಲೆಗಳಿಗೂ ಬಳಕೆಯಾಗುತ್ತಿದೆ. ಇವೆಲ್ಲಕ್ಕಿಂತ ತೂಕದ ಮಾತು ಗ್ಲಾಸ್ಗೋದ ನೀಲ್ ಬ್ರೂಕ್ಸ್ ತಂಡ 1986ರಲ್ಲಿ ಹೇಳಿದ್ದು: ಮನೆಯವರ ಬಳಲಿಕೆ ಮೊದಲ ವರ್ಷಕ್ಕಿಂತ ಐದನೇ ವರ್ಷ ಹೆಚ್ಚು.

ನಮ್ಮಲ್ಲಿ ಈ ಕೆಲಸಕ್ಕೆ ಬುನಾದಿ ಬಿದ್ದದ್ದು ಬೆಂಗಳೂರಿನಲ್ಲೇ. ನಿಮ್ಹಾನ್ಸ್‌ನ ಎಸ್. ಪೈ ಮತ್ತು ಆರ್. ಎಲ್. ಕಪೂರ್ 1981ರಲ್ಲಿ ಪ್ರಕಟಿಸಿದ ಸಂದರ್ಶನ ಮಾಪಕ ಮನೋರೋಗಿಗಳ ಕುಟುಂಬಗಳಿಗಾಗಿ ರೂಪುಗೊಂಡದ್ದು. ಈ ಕ್ಷೇತ್ರದ ನಮ್ಮ ಪೀಳಿಗೆ ಕೈಹಿಡಿದು ನಡೆಯಲು ಕಲಿತದ್ದು ಅದರಿಂದ. ಆರು ವಿಭಾಗ, 24 ಅಂಶ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಅದು ‘ನಿಮಗೆ ಹೇಗನಿಸುತ್ತದೆ’ ಎಂದು ಶುರುಮಾಡುವುದಿಲ್ಲ. ಸಾಲ ಮಾಡಿದಿರಾ, ಮನೆಯ ಬೇರೆ ಯಾರ ಸಂಪಾದನೆಯಾದರೂ ನಿಂತಿತೇ, ನೆಂಟರಿಷ್ಟರು ಬರುವುದು ಕಡಿಮೆಯಾಯಿತೇ, ಯಾರ ಆರೋಗ್ಯ ಕೆಟ್ಟಿತು ಎಂದು ಕೇಳುತ್ತದೆ. ಹಣೆಬರಹ ಎಂದು ಸುಮ್ಮನಾಗುವವಳೂ ಬಡ್ಡಿಯ ಲೆಕ್ಕ ಹೇಳುತ್ತಾಳೆ. ನರ್ಸ್ ಮನೆಗೇ ಹೋಗಿ ನೋಡಿದ ಕುಟುಂಬಗಳಲ್ಲಿ ಹೊರೆ ಇಳಿದದ್ದನ್ನೂ ಇದೇ ತಂಡ ತೋರಿಸಿತ್ತು. ಆ ಮನೆಭೇಟಿಯ ಪದ್ಧತಿಯನ್ನು ನಮ್ಮ ಜಿಲ್ಲೆಗಳು ಬೆಳೆಸಲೇ ಇಲ್ಲ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಮಾಪಕ ಬಂತು. ಅದರ 26 ಪ್ರಶ್ನೆಗಳ ಚಿಕ್ಕ ರೂಪವೇ ಈಗ ಎಲ್ಲೆಡೆ. ರೋಗಿಯ ನೆರಳಿನಿಂದ ಈಚೆ ಬಂದು ನೋಡಿಕೊಳ್ಳುವವಳ ಬದುಕನ್ನು ಅವಳದಾಗಿ ನೋಡಿದ್ದು ಅದರ ದೊಡ್ಡತನ. ಆದರೆ ಅದು ಕೇಳುವುದು ಕಳೆದ ಎರಡು ವಾರಗಳ ಮಾತು. ದಾಂಪತ್ಯ ಸುಖದ ಬಗೆಗಿನ 21ನೇ ಪ್ರಶ್ನೆಗೆ, ಅತ್ತೆ ಪಕ್ಕದಲ್ಲೇ ಕೂತಿರುವಾಗ ಯಾವ ಸೊಸೆ ಉತ್ತರಿಸುತ್ತಾಳೆ? ಬಿಟ್ಟುಹೋದ ಆ ಉತ್ತರದಲ್ಲೇ, ಸ್ವಭಾವ ಬದಲಾದವನೊಡನೆ ಬಾಳುವುದರ ಬಗ್ಗೆ ಲೆಜಾಕ್ ಬರೆದ ಸಂಕಟವಿದೆ.

25ನೇ ಪ್ರಶ್ನೆ ಸಾರಿಗೆಯದು. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಅದನ್ನು ಕೇಳಿದರೆ ಬದುಕಿನ ಅರ್ಧ ಕಥೆ ಹೊರಬರುತ್ತದೆ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು, ಕಂಪನಿಯ ದೊಡ್ಡ ಆಸ್ಪತ್ರೆಯೂ ಬಾಗಿಲು ಹಾಕಿತು. ಈಗ ದುಡಿಯುವವರು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ನಿಮ್ಹಾನ್ಸ್‌ನ ಜಿ. ಗುರುರಾಜ್ ಅವರ ಬೆಂಗಳೂರು ಅಧ್ಯಯನಗಳ ಪ್ರಕಾರ ಮಿದುಳಿನ ಪೆಟ್ಟುಗಳಲ್ಲಿ ಸುಮಾರು ಶೇ. 60 ರಸ್ತೆ ಅಪಘಾತದವು. ಪೆಟ್ಟು ತಿನ್ನುವವರು ಹೆಚ್ಚಾಗಿ ದುಡಿಯುವ ವಯಸ್ಸಿನ ಗಂಡಸರು. ಅಂಥವನು ಹಾಸಿಗೆ ಹಿಡಿದರೆ ಹೆಂಡತಿ ಅದೇ ರೈಲು ಹತ್ತಬೇಕು. ಮನೆಯಲ್ಲಿ ಅವನ ಬಳಿ ಕೂರುವವರು ಯಾರು? ಮುದಿ ತಾಯಿ, ಇಲ್ಲವೇ ಶಾಲೆ ಬಿಟ್ಟ ಮಗಳು. ಆದರೆ ಪ್ರಶ್ನಾವಳಿ ತುಂಬುವುದು ಆಸ್ಪತ್ರೆಗೆ ಜೊತೆ ಬಂದವರು. ಹಗಲೆಲ್ಲ ನಿಜವಾಗಿ ನೋಡಿಕೊಂಡವಳು ಲೆಕ್ಕಕ್ಕೇ ಬರುವುದಿಲ್ಲ. ಗಣಿ ಪ್ರದೇಶದ ಚಾಂಪಿಯನ್ ರೀಫ್‌ನ ಕಾರ್ಮಿಕರ ಲೈನ್ ಮನೆಗಳಲ್ಲಿ ಅವಳ ಮಾತು ತಮಿಳು, ಬಂಗಾರಪೇಟೆಯ ಹಳ್ಳಿಗಳಲ್ಲಿ ಎಷ್ಟೋ ಕಡೆ ತೆಲುಗು. ಕನ್ನಡದ ಮಾಪಕವೊಂದೇ ಇಲ್ಲಿ ಸಾಲದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಿದುಳಿನ ಪೆಟ್ಟು ಹೆಸರಿಟ್ಟು ಬಂದಿಲ್ಲ. ಆದರೂ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು ಆ ಕಾಯ್ದೆಯ 24ನೇ ಕಲಮಿನಲ್ಲಿದೆ. ಆ ನೆರವಿನ ಅಗತ್ಯವನ್ನು ತೀರ್ಮಾನಿಸುವ ಮಂಡಳಿಯ ಮುಂದೆ ಈ ಮನೆಗಳ ಐದನೇ ವರ್ಷದ ಲೆಕ್ಕ ಇರಬೇಕು. ಅದನ್ನು ಮನೆಗೇ ಹೋಗಿ, ಹಗಲಲ್ಲಿ ರೋಗಿಯ ಬಳಿ ಇರುವವರನ್ನು ಅವರದೇ ಮಾತಿನಲ್ಲಿ ಕೇಳಿ ಬರೆದುಕೊಳ್ಳಬೇಕು.