ಮುತ್ತಾತನಿಂದಾಚೆಗೆ

ಶ್ರಾದ್ಧದ ದಿನ ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳ ಹೆಸರನ್ನು ಹೇಳುತ್ತೇವೆ. ಅಲ್ಲಿಂದಾಚೆಗೆ ನಮ್ಮಲ್ಲಿ ಬಹುಮಂದಿಗೆ ಕತ್ತಲೆ. ಮೌರ್ಯರ ಆಸ್ಥಾನವನ್ನು ತರಗತಿಯಲ್ಲಿ ಸಲೀಸಾಗಿ ವರ್ಣಿಸುವ ನಾವು, ನೂರೈವತ್ತು ವರ್ಷಗಳ ಹಿಂದೆ ನಮ್ಮದೇ ಮನೆಯ ಜಗಲಿಯಲ್ಲಿ ಕುಳಿತಿದ್ದವರು ಯಾರೆಂದು ಕೇಳಿದರೆ ತಡವರಿಸುತ್ತೇವೆ. ಹತ್ತೊಂಬತ್ತನೆಯ ಶತಮಾನವು ಅಷ್ಟೊಂದು ದೂರದ ಕಾಲವೇನೂ ಅಲ್ಲ. ಅದು ಬಿಟ್ಟುಹೋದ ಬರೆಹಗಳನ್ನು ಓದುವ ಬಗೆಯನ್ನು ಹಳೆಯ ಮೈಸೂರು ಸೀಮೆಯ ಮಟ್ಟಿಗೆ ವಿಚಾರಿಸೋಣ.

ಮೊದಲು ನೋಡಬೇಕಾದದ್ದು ಮನೆಯ ಅಟ್ಟವನ್ನು. ಶಾನುಭೋಗರ, ವರ್ತಕರ ಮನೆಗಳಲ್ಲಿ ಕಡತಗಳಿರುತ್ತಿದ್ದುವು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದ ಕರಿಯ ಪುಸ್ತಕವೇ ಕಡತ. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅಂದಿನವರಿಗೆ ಇದು ಅನುಕೂಲ. ಇಂದು ಹುಡುಕುವವರಿಗೆ ನಷ್ಟ.

ನಾವು ಕಂಡ ಒಂದು ಕಡತದಲ್ಲಿ ಗದ್ದೆಯ ಪಾಲುಪಟ್ಟಿಯಿದ್ದಿತು. ಕಾಲವನ್ನು ಸೂಚಿಸುವ ಮಾತು 'ಧಾತು ಸಂವತ್ಸರ' ಎಂಬುದೊಂದೇ. ಸಂವತ್ಸರದ ಹೆಸರು ಅರುವತ್ತು ವರ್ಷಗಳಿಗೊಮ್ಮೆ ಮರಳುತ್ತದೆ: 1816-17 ಧಾತು, 1876-77 ಕೂಡ ಧಾತುವೇ. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯೂ ಇದಕ್ಕೆ ಸೇರಿತೆಂದರೆ, ವರ್ಷದ ಹೆಸರೂ ಅದೇ, ಮನುಷ್ಯನ ಹೆಸರೂ ಅದೇ. ತಾತನ ಬಾಳನ್ನು ಮೊಮ್ಮಗನ ತಲೆಗೆ ಕಟ್ಟಲು ಇನ್ನೇನು ಬೇಕು? ನಮಗೆ ದಾರಿ ತೋರಿಸಿದ್ದು ನಾಣ್ಯ. ಲೆಕ್ಕವೆಲ್ಲವೂ ಕಂಠೀರಾಯಿ ವರಹ ಹಣಗಳಲ್ಲಿದ್ದಿತು. ಹತ್ತು ಹಣಕ್ಕೆ ಒಂದು ವರಹ. 1876ರ ಲೆಕ್ಕವಾಗಿದ್ದರೆ ರೂಪಾಯಿ ಆಣೆಗಳು ಕಾಣಬೇಕಾಗಿತ್ತು. ಆದುದರಿಂದ ಅದು ತಾತನ ಕಾಲದ್ದೆಂದು ಎಣಿಸುವುದೇ ನ್ಯಾಯ. ತಿಥಿವಾರಗಳೆರಡನ್ನೂ ಬರೆದಿರುವ ಪತ್ರವಾದರೆ ಕೆಲಸ ಇನ್ನೂ ಹಗುರ. ಸ್ವಾಮಿಕಣ್ಣು ಪಿಳ್ಳೆಯವರು ಪ್ರಕಟಿಸಿದ ಪಂಚಾಂಗಗಣಿತದ ಕೋಷ್ಟಕಗಳನ್ನು ತೆರೆದು ತಾಳೆ ನೋಡಬಹುದು.

ಇನ್ನು ಸರ್ಕಾರದ ದಫ್ತರ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವು ಇಂಗ್ಲಿಷರ ಕೈಸೇರಿತು. 1860ರ ದಶಕದಲ್ಲಿ ಭೂಮಿಯ ಅಳತೆಯೂ ಇನಾಮುಗಳ ವಿಚಾರಣೆಯೂ ನಡೆದುವು. ಇನಾಮನ್ನು ಅನುಭವಿಸುತ್ತಿದ್ದವರು ಅದು ಯಾರಿಂದ, ಯಾವ ಸನ್ನದಿನ ಮೇಲೆ, ಯಾರ ಮೂಲಕ ತಮಗೆ ಇಳಿದುಬಂದಿತೆಂದು ತೋರಿಸಬೇಕಾಯಿತು. ಹೀಗಾಗಿ ಅನೇಕ ವಂಶಾವಳಿಗಳು ಕಾಗದಕ್ಕೆ ಬಂದುವು. ಭೂಮಿ ಕೈಬಿಟ್ಟುಹೋದೀತೆಂಬ ಭಯದಲ್ಲಿ ಬರೆದ ವಂಶವೃಕ್ಷವು ಬೇಕಾದ ಕಡೆಗೆ ಒಂದು ಕೊಂಬೆ ಚಿಗುರಿರುವುದು ಅಸಂಭವವಲ್ಲವಾದುದರಿಂದ ಎಚ್ಚರವೂ ಅವಶ್ಯ. ಅದಲ್ಲದೆ, ಅಲ್ಲಿ ಕಾಣುವವರು ಭೂಮಿಯುಳ್ಳ ಗಂಡಸರು. ಹೊರಗೆ ಕೊಟ್ಟ ಹೆಣ್ಣುಮಕ್ಕಳಾಗಲಿ, ಆ ಭೂಮಿಯನ್ನು ಉತ್ತವರಾಗಲಿ ಕಾಣುವುದು ವಿರಳ.

ಉತ್ತವರ ನೆನಪನ್ನು ಉಳಿಸಿದವರು ಹೆಳವರು. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಕ್ಕಲುಮನೆಯ ಬಾಗಿಲಲ್ಲಿ ಆ ಮನೆಯವರ ಹಿರಿಯರನ್ನು ತಲೆತಲಾಂತರವಾಗಿ ಹೆಸರಿಸಿ, ದವಸವನ್ನು ಪಡೆದು ಹೋಗುವವರು. ವಿದ್ಯಾವಂತರಾದ ನಾವು ಅವರನ್ನು ಭಿಕ್ಷುಕರೆಂದು ಕಂಡು ಹೋದದ್ದೇ ಹೆಚ್ಚು. ಬಾಯಿಪಾಠದಲ್ಲಿ ತಪ್ಪು ನುಸುಳುತ್ತದೆಂಬುದೇನೋ ನಿಜ. ಆದರೆ ದಫ್ತರದಲ್ಲಿ ಎಲ್ಲಿಯೂ ದೊರೆಯದ ಮನೆತನಗಳ ವಿಷಯದಲ್ಲಿ ಅವರ ಮಾತೇ ಆಧಾರ.

ಎಲ್ಲ ದಾರಿಗಳೂ ಒಮ್ಮೆಲೇ ನಿಲ್ಲುವ ತಾಣವೊಂದಿದೆ. ಅದೇ ಧಾತು ಈಶ್ವರ ಸಂವತ್ಸರಗಳ ಬರ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412; 1881ರಲ್ಲಿ 41,86,188. ಒಂದು ಮನೆತನದ ಎಳೆ 1876ರ ಸುಮಾರಿಗೆ ಕಡಿದುಹೋದರೆ ಕಾಗದ ಕಳೆಯಿತೆಂದು ಅವಸರದಿಂದ ಹೇಳಬಾರದು. ಮನೆಯೇ ಅಳಿದಿರಬಹುದು, ಅಥವಾ ಉಳಿದವರು ಊರು ಬಿಟ್ಟಿರಬಹುದು. ಹಾಗೆ ಬಿಟ್ಟವರು ಊರನ್ನು ಮರೆತರೂ ಮನೆದೇವರನ್ನು ಸುಲಭವಾಗಿ ಬಿಟ್ಟವರಲ್ಲ. ಆದುದರಿಂದ ಕಡತವೂ ದಫ್ತರವೂ ಮುಗಿದ ಮೇಲೆ, ನಿಮ್ಮ ಮನೆದೇವರ ಊರು ಯಾವುದೆಂದು ಮನೆಯ ಹಿರಿಯರನ್ನು ಕೇಳಿ, ಅಲ್ಲಿಯ ಅರ್ಚಕರನ್ನು ಒಮ್ಮೆ ಕಂಡುಬನ್ನಿರಿ.