ಹದಿನಾರು ಪದಕ್ಕೆ ಒಂದು ರೂಪಾಯಿ

ನಾವು ಬದುಕು ಕಟ್ಟಿಕೊಂಡಿರುವ ಈ ಕೋಲ್ಕತ್ತಾ, ವ್ಯಾಪಾರದ ಮಾತುಕತೆಗೆ ಹೊಸ ಹೊಸ ಸಾಧನಗಳನ್ನು ದೇಶದಲ್ಲೇ ಮೊದಲು ಕಂಡ ಊರು. ಆದರೆ ಆ ಸಾಧನಗಳಲ್ಲಿ ಯಾರು ಮಾತನಾಡಬಹುದಿತ್ತು, ಯಾವ ಭಾಷೆಯಲ್ಲಿ ಎಂಬುದು ಬೇರೆಯೇ ಕಥೆ. ಐಟಿ ಕ್ಷೇತ್ರದಲ್ಲಿ ದುಡಿಯುವ ನನಗೆ ಈ ಎರಡನೆಯ ಕಥೆಯೇ ಹೆಚ್ಚು ಕುತೂಹಲ.

1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವಿಲಿಯಂ ಓ'ಶಾನೆಸಿ, ಶಿಬ್‌ಪುರದ ಬೊಟಾನಿಕಲ್ ಗಾರ್ಡನ್ನಿನಲ್ಲಿ ತಂತಿ ಎಳೆದು ವಿದ್ಯುತ್ತಿನ ಮೂಲಕ ಸಂದೇಶ ಕಳಿಸುವ ಪ್ರಯೋಗ ಮಾಡಿದರು. ಈಸ್ಟ್ ಇಂಡಿಯಾ ಕಂಪನಿಗೆ ಅದರ ಬೆಲೆ ತಿಳಿಯಲು ಹತ್ತು ವರ್ಷಗಳ ಮೇಲೆ ಹಿಡಿಯಿತು. 1850-51ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರಿಗೆ ಮೊದಲ ಮಾರ್ಗ ಬಂತು. ಹೂಗ್ಲಿ ನದಿಗೆ ಯಾವ ಹಡಗು ಬಂತು ಎಂಬ ಸುದ್ದಿ ಪೇಟೆಗೆ ಬೇಗ ಮುಟ್ಟಬೇಕಿತ್ತಲ್ಲ! ಈ ಕೆಲಸದಲ್ಲಿ ಓ'ಶಾನೆಸಿಗೆ ಬಲಗೈಯಾಗಿದ್ದವರು ಬಂಗಾಳದ ಶಿಬ್ ಚಂದ್ರ ನಂದಿ. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ.

1855ರ ಫೆಬ್ರವರಿಯಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಅಷ್ಟರಲ್ಲಿ ಆಗ್ರಾ, ಮುಂಬಯಿ, ಮದರಾಸುಗಳ ಜೊತೆಗೆ ನಮ್ಮ ಬೆಂಗಳೂರು ಕೂಡ ಆ ಜಾಲಕ್ಕೆ ಸೇರಿತ್ತು. ನಾನೂರು ಮೈಲಿಯೊಳಗೆ ಹದಿನಾರು ಪದಕ್ಕೆ ಒಂದು ರೂಪಾಯಿ, ವಿಳಾಸದ ಪದಗಳೂ ಲೆಕ್ಕಕ್ಕೆ! ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. 'ಉಭಯ ಕುಶಲೋಪರಿ' ಎಂದು ಶುರುವಾಗಿ, ಮನೆಮಂದಿಯ ಕ್ಷೇಮ ವಿಚಾರಿಸಿ, ಆಮೇಲೆ ವ್ಯವಹಾರಕ್ಕೆ ಬರುವ ಕಾಗದದ ಶೈಲಿಗೆ ಅಲ್ಲಿ ಜಾಗವೇ ಇರಲಿಲ್ಲ. ಒಂದೇ ಪದಕ್ಕೆ ಇಡೀ ವಾಕ್ಯದ ಅರ್ಥ ಕೊಡುವ ಸಂಕೇತ ಪುಸ್ತಕಗಳನ್ನೂ ವ್ಯಾಪಾರಿಗಳು ಇಟ್ಟುಕೊಂಡರು. ನಮ್ಮ ಹಳ್ಳಿಮನೆಗಳಲ್ಲಿ 'ತಂತಿ ಬಂತು' ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ಕ್ಲೈವ್ ಸ್ಟ್ರೀಟಿನಲ್ಲಿ, ಅಂದರೆ ಇಂದಿನ ನೇತಾಜಿ ಸುಭಾಷ್ ರಸ್ತೆಯಲ್ಲಿ, ಅದು ದಿನನಿತ್ಯದ ದರದ ಸುದ್ದಿ.

ತಂತಿಯ ಅಕ್ಷರ ಮಾತ್ರ ಇಂಗ್ಲಿಷಿನದು. ಕನ್ನಡದ ವ್ಯಾಪಾರಿಯಾಗಲಿ ಬಂಗಾಳಿಯಾಗಲಿ, ಇಂಗ್ಲಿಷ್ ಬಲ್ಲ ಗುಮಾಸ್ತನ ಕೈಯಲ್ಲೇ ತನ್ನ ಮಾತು ಬರೆಸಬೇಕಿತ್ತು. ನನ್ನ ದೃಷ್ಟಿಯಲ್ಲಿ ಪದದ ಬೆಲೆಗಿಂತ ಇದೇ ದೊಡ್ಡ ಬೆಲೆ.

1882ರ ಜನವರಿ 28ರಂದು ಇಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಆರಂಭವಾದಾಗ ಚಂದಾದಾರರು 93 ಮಂದಿ. ದನಿಗೆ ಲಿಪಿಯ ಹಂಗಿಲ್ಲ. ಯಾವ ಭಾಷೆಯಲ್ಲಾದರೂ ಮಾತಾಡಬಹುದು. ವ್ಯಾಪಾರದ ಮಾತಿನ ನಡುವೆ ಹೆಂಗಸರು ಬಂದು ಕುಳಿತದ್ದೂ ಮುಂದೆ ಇದೇ ಎಕ್ಸ್‌ಚೇಂಜುಗಳಲ್ಲಿ. ಹೆಡ್‌ಫೋನ್ ಹಾಕಿಕೊಂಡು ಕರೆ ಜೋಡಿಸುತ್ತಿದ್ದ ಆಪರೇಟರುಗಳಲ್ಲಿ ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳು ಬಹಳ ಮಂದಿ. ಪೇಟೆಯ ಕರೆಗಳೆಲ್ಲ ಅವರ ಕೈ ದಾಟಿಯೇ ಹೋಗುತ್ತಿದ್ದವು, ವ್ಯಾಪಾರ ಮಾತ್ರ ಬೇರೆಯವರದು. ಸ್ವಯಂಚಾಲಿತ ಎಕ್ಸ್‌ಚೇಂಜ್ ಬಂದಂತೆ ಆ ಕೆಲಸವೂ ಕರಗಿತು.

ಮುಂದಿನ ತಿರುವೂ ಇಲ್ಲಿಯೇ. 1995ರ ಜುಲೈ 31ರಂದು ಮುಖ್ಯಮಂತ್ರಿ ಜ್ಯೋತಿ ಬಸು ರೈಟರ್ಸ್ ಬಿಲ್ಡಿಂಗಿನಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಒಳಬರುವ ಕರೆಗೂ ದುಡ್ಡು! ಅದು ಉಚಿತವಾದದ್ದು 2003ರ ಮೇ ತಿಂಗಳಿನಿಂದ. ನಡುವೆ ನಮ್ಮ ಜನ 'ಮಿಸ್ಡ್ ಕಾಲ್' ಎಂಬ ಪುಕ್ಕಟೆ ತಂತಿಯನ್ನೂ ಕಂಡುಹಿಡಿದರು. ಅಸಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು.

ಈಗ ವಾಟ್ಸಾಪ್, ಯುಪಿಐ ಕಾಲ. ಸೆಕ್ಟರ್ ಫೈವ್‌ನ ಆಫೀಸುಗಳಲ್ಲಿ ಇಮೇಲ್ ಇಂದಿಗೂ ಇಂಗ್ಲಿಷಿನಲ್ಲೇ, ಕರಾರುಪತ್ರವೂ ಹಾಗೆಯೇ. ಆದರೆ ಮನೆಯಲ್ಲೇ ಸಾರಿನ ಪುಡಿ, ಚಕ್ಕುಲಿ ಮಾಡಿ ಮಾರುವ ನಮ್ಮ ಹೆಣ್ಣುಮಕ್ಕಳಿಗೆ ಆರ್ಡರ್ ಕನ್ನಡದಲ್ಲೇ ಬರುತ್ತದೆ, ಹಣ ಅವರ ಖಾತೆಗೇ ಬೀಳುತ್ತದೆ. ಗುಮಾಸ್ತನೂ ಬೇಡ, ಆಪರೇಟರೂ ಬೇಡ. ತಂತಿಯಿಂದ ಈಚೆಗಿನ ಬದಲಾವಣೆಗಳಲ್ಲಿ ನನಗೆ ಇದೇ ದೊಡ್ಡದು ಎನಿಸುತ್ತದೆ. ಹಾಗೆಂದು ಎಲ್ಲವೂ ಸಲೀಸಲ್ಲ. ರಾತ್ರಿ ಹನ್ನೊಂದಕ್ಕೂ ಮೆಸೇಜ್ ಬರುತ್ತದೆ, ನೀಲಿ ಟಿಕ್ ಕಂಡ ಮೇಲೆ ಉತ್ತರಿಸದಿದ್ದರೆ ಗಿರಾಕಿಗೆ ಮುನಿಸು. ಆ್ಯಪಿನ ನಿಯಮ ಬದಲಿಸುವವರು ಎಲ್ಲೋ ಸಮುದ್ರದಾಚೆ ಇದ್ದಾರೆ.

ಇನ್ನೊಂದು ತೊಡಕು ಹಳೆಯದೇ. ತಂತಿಯಲ್ಲಿ ಪದ ತಪ್ಪಿದರೆ ವ್ಯವಹಾರ ಕೆಡುತ್ತದೆಂದು ವ್ಯಾಪಾರಿಗಳು ಅದರ ಹಿಂದೆಯೇ ಪೂರ್ಣ ವಿವರದ ಕಾಗದ ಹಾಕುತ್ತಿದ್ದರು. ಇಂದು ವಾಯ್ಸ್ ಮೆಸೇಜಿನಲ್ಲಿ 'ಅಕ್ಕಾ, ಹೋದ ಸಲದ ಹಾಗೇ ಕೋಡುಬಳೆ ಕಳಿಸಿ' ಎಂದವರಿಗೆ, ಪಳಗಿದ ನಮ್ಮ ಅಕ್ಕಂದಿರು ಎಷ್ಟು ಕೆಜಿ, ಎಷ್ಟು ರೂಪಾಯಿ, ಯಾವ ದಿನ ಎಂದು ಟೈಪ್ ಮಾಡಿ ಕಳಿಸಿ, 'ಸರಿ' ಎಂಬ ಉತ್ತರ ಬಂದ ಮೇಲೇ ಬಾಣಲೆ ಇಡುತ್ತಾರೆ.