ವಿದ್ಯಾರ್ಥಿಯ ನಾಟಕಕ್ಕೆ ನಾನೂರು ವರ್ಷಗಳ ಕಟ್ಟಳೆ

ಶಾಲಾ ವಾರ್ಷಿಕೋತ್ಸವವು ಸಮೀಪಿಸಿತೆಂದರೆ ನಮ್ಮ ಕನ್ನಡ ಶಾಲೆಗಳಲ್ಲಿ ಎರಡು ಮಾತುಗಳು ಕೇಳಿಬರುವುದುಂಟು. ನಾಟಕದ ಅಭ್ಯಾಸದಿಂದ ಪಾಠಗಳು ಕೆಡುತ್ತವೆ ಎಂಬುದು ಒಂದು. ನಾಟಕವಾಡಿದ ಮಗುವಿನ ನಾಲಗೆ ತಿರುಗಿದಷ್ಟು ಚೆನ್ನಾಗಿ ಪಾಠ ಒಪ್ಪಿಸಿದ ಮಗುವಿನ ನಾಲಗೆ ತಿರುಗದು ಎಂಬುದು ಇನ್ನೊಂದು. ಈ ಎರಡು ಮಾತುಗಳ ನಡುವೆ ಸಿಲುಕಿದ ಉಪಾಧ್ಯಾಯರಲ್ಲಿ ನಾವೂ ಸೇರಿದವರು. ನಮಗಿಂತ ಹಿಂದಿನವರು ಇದನ್ನು ಹೇಗೆ ತೀರ್ಮಾನಿಸಿದರೆಂದು ಹುಡುಕುತ್ತ ಹೋದಾಗ, ಕ್ರೈಸ್ತ ವಿದ್ಯಾಲಯಗಳು ತಮ್ಮ ನಟವಿದ್ಯಾರ್ಥಿಗಳಿಗೆ ವಿಧಿಸಿದ ಕಟ್ಟಳೆಗಳು ನಮ್ಮ ಕಣ್ಣಿಗೆ ಬಿದ್ದುವು. ಅವು ದೂರದ ಯುರೋಪಿನವು. ಆದರೂ ಓದಿದಂತೆಲ್ಲ ಕುಂಬಳೆ ಸೀಮೆಯ ಚೌಕಿಯ ನೆನಪನ್ನೇ ತಂದುವು. ಆ ಸಾಮ್ಯವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಗ್ನೇಷಿಯಸ್ ಲೊಯೋಲನು ಕಟ್ಟಿದ ಯೇಸುಸಭೆಗೆ 1540ರಲ್ಲಿ ಪೋಪರ ಮನ್ನಣೆ ದೊರೆಯಿತು. ಎಂಟು ವರ್ಷಗಳ ತರುವಾಯ, 1548ರಲ್ಲಿ, ಸಿಸಿಲಿ ದ್ವೀಪದ ಮೆಸ್ಸೀನಾ ನಗರದಲ್ಲಿ ಈ ಸಭೆಯವರು ಊರಿನ ಹುಡುಗರಿಗಾಗಿ ಒಂದು ಕಾಲೇಜನ್ನು ತೆರೆದರು. ಅಲ್ಲಿಂದ ಮುಂದೆ ಜೆಸ್ವಿಟರ ವಿದ್ಯಾಲಯಗಳು ಯುರೋಪಿನ ನಗರನಗರಗಳಲ್ಲಿ ಹಬ್ಬಿದುವು. ಅವು ಹಬ್ಬಿದಲ್ಲೆಲ್ಲ ನಾಟಕವೂ ಹಬ್ಬಿತು. ಇಷ್ಟೊಂದು ಶಾಲೆಗಳು ಒಂದೇ ಕ್ರಮದಲ್ಲಿ ನಡೆಯಬೇಕಾದರೆ ಬರೆದಿಟ್ಟ ನಿಯಮ ಬೇಕಷ್ಟೆ? ಸಭೆಯ ಮುಖ್ಯಸ್ಥನಾಗಿದ್ದ ಕ್ಲಾಡಿಯೋ ಅಕ್ವಾವೀವನು 1599ರಲ್ಲಿ ‘ರಾತ್ಸಿಯೊ ಸ್ತುದಿಯೋರುಂ’ ಎಂಬ ವಿದ್ಯಾಕ್ರಮ ಗ್ರಂಥವನ್ನು ಹೊರಡಿಸಿದನು. ರೆಕ್ಟರರು ಏನು ಮಾಡಬೇಕು, ಯಾವ ತರಗತಿಯ ಉಪಾಧ್ಯಾಯನು ಏನು ಕಲಿಸಬೇಕು, ವಿದ್ಯಾರ್ಥಿಯು ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ ಅದರಲ್ಲಿ ಸೂತ್ರಗಳಂತೆ ಅಡಕವಾಗಿದೆ.

ರೆಕ್ಟರರಿಗೆ ಕೊಟ್ಟ ಸೂತ್ರಗಳ ನಡುವೆ ನಾಟಕದ ಮಾತು ಬರುತ್ತದೆ. ಅದು ತೀರ ಚಿಕ್ಕದು, ಆದರೆ ಬಿಗಿಯಾದುದು. ದುಃಖಾಂತವಾಗಲಿ ಸುಖಾಂತವಾಗಲಿ, ನಾಟಕವು ಲ್ಯಾಟಿನ್ ಭಾಷೆಯಲ್ಲಿರಬೇಕು. ತೀರ ಅಪರೂಪಕ್ಕೆ ಆಡಬೇಕು. ವಸ್ತುವು ಪವಿತ್ರವೂ ಭಕ್ತಿಯುಕ್ತವೂ ಆಗಿರಬೇಕು. ಅಂಕಗಳ ನಡುವೆ ಲ್ಯಾಟಿನ್ ಅಲ್ಲದ, ಸಭ್ಯವಲ್ಲದ ಯಾವುದನ್ನೂ ತುರುಕಬಾರದು. ಸ್ತ್ರೀಪಾತ್ರವಾಗಲಿ ಸ್ತ್ರೀಯರ ಉಡುಪಾಗಲಿ ರಂಗದ ಮೇಲೆ ಬರಕೂಡದು.

ಇವುಗಳಲ್ಲಿ ಭಕ್ತಿಯ ನಿಯಮವೇ ಮುಖ್ಯವೆಂದು ಮೇಲುನೋಟಕ್ಕೆ ಕಂಡೀತು. ನಮಗೆ ಹಾಗೆ ತೋರಲಿಲ್ಲ. ಎಲ್ಲಕ್ಕಿಂತ ಆಳವಾದುದು ಭಾಷೆಯ ನಿಯಮ. ಆ ಕಾಲದಲ್ಲಿ ಲ್ಯಾಟಿನ್ ಭಾಷೆಯು ಯಾವ ಹುಡುಗನ ಮನೆಮಾತೂ ಆಗಿರಲಿಲ್ಲ. ಒಬ್ಬನದು ಜರ್ಮನ್, ಒಬ್ಬನದು ಫ್ರೆಂಚ್, ಇನ್ನೊಬ್ಬನದು ಸ್ಪೇನಿನ ಭಾಷೆ. ಪುಸ್ತಕದಲ್ಲಿ ಮಲಗಿದ್ದ ಆ ನುಡಿಯನ್ನು ಎಬ್ಬಿಸಿ ಹುಡುಗರ ಬಾಯಲ್ಲಿ ನಡೆಯಿಸುವುದಕ್ಕೆ ಉಪಾಧ್ಯಾಯರು ಕಂಡುಕೊಂಡ ಉಪಾಯವೇ ನಾಟಕ. ನಾಟಕವನ್ನು ಬರೆಯುತ್ತಿದ್ದವನು ಹೊರಗಿನ ಕವಿಯಲ್ಲ. ಅನೇಕವೇಳೆ ಅಲಂಕಾರ ತರಗತಿಯ ಉಪಾಧ್ಯಾಯನೇ. ಆಡುತ್ತಿದ್ದವರು ಅವನ ವಿದ್ಯಾರ್ಥಿಗಳು. ವರ್ಷಾಂತ್ಯದಲ್ಲಿ ಬಹುಮಾನ ಹಂಚುವ ದಿನ, ತಂದೆತಾಯಿಗಳೂ ಊರಿನ ಗಣ್ಯರೂ ನೆರೆದಾಗ, ನಾಟಕ ನಡೆಯುತ್ತಿತ್ತು. ನಮ್ಮ ವಾರ್ಷಿಕೋತ್ಸವಕ್ಕೆ ಇಷ್ಟು ಹಳೆಯ ಬಂಧುವೊಂದಿದೆಯೆಂದು ಯಾರು ಎಣಿಸಿದ್ದರು?

ಇನ್ನೊಂದು ಸೂತ್ರವನ್ನು ಓದಿ ನಾವು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅದು ಅಲಂಕಾರದ ಉಪಾಧ್ಯಾಯನಿಗೆ ಕೊಟ್ಟುದು. ಅವನು ಆಗಾಗ ಸಣ್ಣದೊಂದು ಸಂಭಾಷಣೆಯನ್ನೋ ದೃಶ್ಯವನ್ನೋ ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಬಹುದು. ಬರೆದವುಗಳಲ್ಲಿ ಉತ್ತಮವಾದುದನ್ನು ಆರಿಸಿ, ಪಾತ್ರಗಳನ್ನು ಹಂಚಿ, ರಂಗಸಜ್ಜಿಕೆ ಯಾವುದೂ ಇಲ್ಲದೆ ತರಗತಿಯಲ್ಲಿಯೇ ಆಡಿಸಬಹುದು. ಪರದೆಯಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ, ಮಾತು ಮಾತ್ರ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದು ತಾಳಮದ್ದಳೆಯ ತಮ್ಮನೇ ಸರಿ.

ಕಟ್ಟಳೆಯೊಂದು ಹುಟ್ಟಿದ ದಿನವೇ ಅದನ್ನು ಸಡಿಲಿಸುವ ದಾರಿಗಳೂ ಹುಟ್ಟುತ್ತವೆ. ನೋಡಬಂದ ತಂದೆತಾಯಿಗಳಿಗೆ ಲ್ಯಾಟಿನ್ ತಿಳಿಯದು. ಆದುದರಿಂದ ಕಥಾಸಾರವನ್ನು ಊರ ಭಾಷೆಯಲ್ಲಿ ಅಚ್ಚುಹಾಕಿಸಿ ಹಂಚುವ ಪದ್ಧತಿ ಬಂದಿತು; ಜರ್ಮನ್ ನಾಡುಗಳಲ್ಲಿ ಅಂಥ ಸಾರಪತ್ರಗಳು ಹೇರಳವಾಗಿ ಉಳಿದುಬಂದಿವೆ. ಊರ ಭಾಷೆಯ ಹಾಡುಗಳೂ ಹಾಸ್ಯವೂ ಮೆಲ್ಲನೆ ಒಳಸೇರಿದುವು. ಪ್ಯಾರಿಸಿನ ಕಾಲೇಜಿನಲ್ಲಂತೂ ಅಂಕಗಳ ನಡುವೆ ನೃತ್ಯಗಳೇ ನಡೆದುವು. ರಾಣಿಯರ, ಹುತಾತ್ಮಳಾದ ಕನ್ಯೆಯರ ಕಥೆಯನ್ನು ಸ್ತ್ರೀಪಾತ್ರವಿಲ್ಲದೆ ಆಡುವ ಬಗೆ ಹೇಗೆ? ಅಲ್ಲಿಯೂ ನಿಯಮ ಬಾಗಿತು. ಹುಡುಗರೇ ಆ ಉಡುಪನ್ನು ತೊಟ್ಟರು. ಬಾಗದೆ ಉಳಿದುದು ಒಂದೇ: ಹೆಣ್ಣುಮಕ್ಕಳಿಗೆ ಆ ಶಾಲೆಯಲ್ಲಿಯೂ ಸ್ಥಳವಿರಲಿಲ್ಲ, ಆ ರಂಗದಲ್ಲಿಯೂ ಇರಲಿಲ್ಲ.

ಈ ಶಾಲೆಗಳಲ್ಲಿ ಓದಿದ ಹುಡುಗರ ಹೆಸರುಗಳನ್ನು ಕೇಳಿದರೆ ಅಭ್ಯಾಸದ ಫಲ ತಿಳಿಯುತ್ತದೆ. ಫ್ರಾನ್ಸಿನ ಕಾರ್ನೇಯ್, ಮೋಲಿಯೇರ್, ವೋಲ್ತೇರ್, ಸ್ಪೇನಿನ ಕಾಲ್ದೆರೋನ್ ಎಲ್ಲರೂ ಜೆಸ್ವಿಟರ ವಿದ್ಯಾರ್ಥಿಗಳು. ಇವರೆಲ್ಲರೂ ಗುರುಗಳಿಗೆ ಒಪ್ಪುವ ಭಕ್ತಿನಾಟಕಗಳನ್ನೇ ಬರೆದರೆಂದಲ್ಲ. ವೋಲ್ತೇರನ ವಿಷಯ ಓದುಗರಿಗೆ ತಿಳಿದೇ ಇದೆ. ಜರ್ಮನಿಯ ಯಾಕೋಬ್ ಬಿಡರ್‌ಮನ್ ಎಂಬ ಉಪಾಧ್ಯಾಯನು ‘ಸೆನೊಡಾಕ್ಸಸ್’ ಎಂಬ ನಾಟಕವನ್ನು ಬರೆದನು. ಲೋಕವೆಲ್ಲ ಹೊಗಳಿದ ಪ್ಯಾರಿಸಿನ ಪಂಡಿತನೊಬ್ಬನು ಒಳಗಿನ ಅಹಂಕಾರದಿಂದ ನರಕಕ್ಕಿಳಿಯುವ ಕಥೆ ಅದು. 1609ರಲ್ಲಿ ಮ್ಯೂನಿಕ್ ನಗರದಲ್ಲಿ ಅದನ್ನಾಡಿದಾಗ ಆಸ್ಥಾನದ ಹದಿನಾಲ್ಕು ಮಂದಿ ಮನಕರಗಿ ಧ್ಯಾನವ್ರತಕ್ಕೆ ಹೊರಟುಹೋದರೆಂದೂ, ಪಂಡಿತನ ಪಾತ್ರ ಮಾಡಿದವನು ಮುಂದೆ ಸಭೆಯನ್ನೇ ಸೇರಿದನೆಂದೂ 1666ರಲ್ಲಿ ಅಚ್ಚಾದ ಅವನ ನಾಟಕಗಳ ಮುನ್ನುಡಿ ಹೇಳುತ್ತದೆ. ನಾಟಕದ ಕೀರ್ತಿಗಾಗಿ ಸ್ವಲ್ಪ ಉಬ್ಬಿಸಿದ ಮಾತಿರಬಹುದೇನೋ. ಆದರೆ ನಾಟಕದಿಂದ ಏನನ್ನು ನಿರೀಕ್ಷಿಸುತ್ತಿದ್ದರೆಂಬುದಕ್ಕೆ ಅದು ಸಾಕ್ಷಿ.

ಮ್ಯೂನಿಕ್ಕಿನಲ್ಲಿಯೇ ಬಹುಕಾಲ ಶಾಲಾನಾಟಕಗಳನ್ನು ನಡೆಸಿದ ಫ್ರಾನ್ಸ್ ಲಾಂಗ್ ಎಂಬವನ ಅನುಭವವು, ಅವನು ತೀರಿಕೊಂಡ ಬಳಿಕ, 1727ರಲ್ಲಿ ಪುಸ್ತಕವಾಯಿತು. ರಂಗದ ಮೇಲೆ ದೇಹವನ್ನು ಹೇಗೆ ನಿಲ್ಲಿಸಬೇಕೆಂದು ಹೇಳುವ ಪುಸ್ತಕ ಅದು. ಎರಡು ಪಾದಗಳನ್ನೂ ಸಮನಾಗಿ ಒಂದೇ ದಿಕ್ಕಿಗೆ ಇಡಬಾರದು. ಒಂದು ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ತಿರುಗಿರಬೇಕು. ಈ ನಿಲುವನ್ನು ಅವನು ‘ರಂಗಶಿಲುಬೆ’ ಎಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ಕರೆದನು. ನಮ್ಮ ಹಿಮ್ಮೇಳದ ಮುಂದೆ ಕಾಲು ಹೊರಳಿಸಿ ನಿಲ್ಲಲು ಬಾರದ ಹುಡುಗನಿಗೆ ಗುರುಗಳು ಬೈಯುವ ಬೈಗುಳವನ್ನು ಕೇಳಿದವರು ಲಾಂಗನ ಕಷ್ಟವನ್ನು ಊಹಿಸಬಲ್ಲರು.

ಇನ್ನು ನಮ್ಮ ಕರಾವಳಿಯ ಕಡೆಗೆ ಬರೋಣ. 1773ರಲ್ಲಿ ಪೋಪರ ಆಜ್ಞೆಯಿಂದ ಯೇಸುಸಭೆ ವಿಸರ್ಜಿತವಾಯಿತು. 1814ರಲ್ಲಿ ಮತ್ತೆ ಜೀವತಳೆಯಿತು. ಇಟಲಿಯ ಜೆಸ್ವಿಟರು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅದರ ಚಾಪೆಲಿನ ಗೋಡೆಗೂ ಛಾವಣಿಗೂ ಅಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರನು ಬರೆದ ಚಿತ್ರಗಳನ್ನು ನೋಡಿದವರಿಗೆ, ನಾಟಕದ ದೃಶ್ಯಗಳನ್ನೇ ನಿಲ್ಲಿಸಿ ಬಣ್ಣಕೊಟ್ಟಂತೆ ತೋರುತ್ತದೆ. ಆದರೆ ಇಲ್ಲಿ ಪಾಠಪಟ್ಟಿಯು ಮದರಾಸು ವಿಶ್ವವಿದ್ಯಾನಿಲಯದ್ದು, ಬೋಧನೆಯ ಭಾಷೆ ಇಂಗ್ಲಿಷು. 1599ರ ಸೂತ್ರಗಳು ಹಾಗೆಯೇ ನಡೆಯುವಂತಿರಲಿಲ್ಲ. ಇವರಿಗಿಂತ ಮೊದಲೇ, 1834ರಲ್ಲಿ, ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬೇರೊಂದು ಮನೋಧರ್ಮದವರು. ಅವರು ಬೆಳೆದ ಭಕ್ತಿಪಂಥವು ನಾಟಕಶಾಲೆಯನ್ನು ಲೋಕದ ವ್ಯಾಮೋಹಗಳಲ್ಲೊಂದೆಂದು ಎಣಿಸುವಂಥದು. ಕನ್ನಡಕ್ಕೆ ಅವರು ಕೊಟ್ಟುದು ಅಚ್ಚುಕೂಟ, ಪತ್ರಿಕೆ, ನಿಘಂಟು, ರಂಗವಲ್ಲ.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕಲಿತುದು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ವಿಲಿಯಂ ಮಿಲ್ಲರರು ಶೇಕ್ಸ್‌ಪಿಯರನ ನಾಟಕಗಳನ್ನು ನೀತಿಪಾಠದಂತೆ ಬೋಧಿಸಿ ಹೆಸರಾಂತ ವಿದ್ಯಾಲಯ ಅದು. ಪೈಗಳು ತಂದೆಯವರ ಮರಣದಿಂದಾಗಿ ಪದವಿಯನ್ನು ಮುಗಿಸದೆ ಮರಳಿದರು. ಮನೆಯಲ್ಲಿ ಕೊಂಕಣಿ, ಕಾಲೇಜಿನಲ್ಲಿ ಇಂಗ್ಲಿಷು, ಬರೆದುದು ಕನ್ನಡದಲ್ಲಿ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಯೂ, ಏಕಲವ್ಯನ ಗುರುದಕ್ಷಿಣೆಯನ್ನು ‘ಹೆಬ್ಬೆರಳು’ ಎಂಬ ನಾಟಕವಾಗಿಯೂ ಅವರು ರಚಿಸಿದರು.

ಕೇರಳದ ಕಡೆಗೆ ನೋಡಿದರೆ, ಕೊಚ್ಚಿಯ ಕರಾವಳಿಯ ಕ್ರೈಸ್ತರು ಆಡುವ ಚವಿಟ್ಟುನಾಟಕವಿದೆ. ಷಾರ್ಲಮೇನ್ ಚಕ್ರವರ್ತಿಯ ಕಥೆಯನ್ನು ಆಶಾನರ ಕೈಕೆಳಗೆ ದೀರ್ಘಕಾಲ ಅಭ್ಯಸಿಸಿ, ಹಲಗೆಯ ರಂಗವನ್ನು ಕಾಲಿನಿಂದ ಮೆಟ್ಟುತ್ತ ಆಡುವ ಈ ನಾಟಕದ ಹಳೆಯ ಪಠ್ಯಗಳು ತಮಿಳಿನಿಂದ ತುಂಬಿದವು. ಆಡುವವರ ಮನೆಮಾತು ಮಲೆಯಾಳ. ಇಲ್ಲಿಯೂ ಮತ್ತದೇ ಸಂಗತಿ! ಮನ್ನಾನಂ ಎಂಬಲ್ಲಿ 1831ರಲ್ಲಿ ಸನ್ಯಾಸಿ ಸಭೆಯೊಂದನ್ನು ಕಟ್ಟಿದವರಲ್ಲಿ ಒಬ್ಬರಾದ ಚಾವರ ಕುರಿಯಾಕೋಸ್ ಏಲಿಯಾಸರು 1850ರ ದಶಕದಲ್ಲಿ ಕ್ರಿಸ್ತಜಯಂತಿಗಾಗಿ ಕುರುಬರ ಕಿರುನಾಟಕಗಳನ್ನು ಮಲೆಯಾಳದಲ್ಲಿ ಬರೆದರು. ಆ ಸಭೆಯವರೇ 1969ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ಟ್ ಕಾಲೇಜನ್ನು ತೆರೆದರು. 2008ರಲ್ಲಿ ಅದು ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು. ರಂಗಕಲೆಯೂ ಅಲ್ಲಿ ಪದವಿಯ ವಿಷಯವಾಗಿ ಬಂದಿತು. ಮಂಗಳೂರಿನ ಅಲೋಶಿಯಸ್ ಕಾಲೇಜಿಗೂ 2024ರಲ್ಲಿ ಅದೇ ಮಾನ್ಯತೆ ದೊರೆಯಿತು. ಎರಡು ಕಡೆಯೂ ಈಗ ಹೆಣ್ಣುಮಕ್ಕಳು ಓದುತ್ತಾರೆ. 1599ರ ಕಟ್ಟಳೆಗಳಲ್ಲಿ ಬಿದ್ದುಹೋಗಲೇಬೇಕಾಗಿದ್ದುದು ಯಾವುದೋ ಅದು ಬಿದ್ದಿದೆ.

ಈಗ ಚೌಕಿಯ ಬಾಗಿಲಿಗೆ ಬಂದೆವು. ಪಾರ್ತಿಸುಬ್ಬನ ಪ್ರಸಂಗಗಳನ್ನು ಆಡುತ್ತ ಬಂದ ಕುಂಬಳೆ ಸೀಮೆಯ ಮೇಳಗಳಿಗೆ ಬರೆದಿಟ್ಟ ವಿದ್ಯಾಕ್ರಮವಿರಲಿಲ್ಲ. ಆದರೂ ಕಟ್ಟಳೆಗೆ ಕೊರತೆಯಿರಲಿಲ್ಲ. ಚೌಕಿಯಲ್ಲಿ ದೇವರಿಟ್ಟ ಕಡೆಗೆ ಚಪ್ಪಲಿಯ ಕಾಲು ಹೋಗಕೂಡದು. ಬಣ್ಣಕ್ಕೆ ಕುಳಿತುಕೊಳ್ಳುವ ಸ್ಥಳವೂ ವೇಷದ ಅಂತಸ್ತಿಗೆ ತಕ್ಕಂತೆ ನಿಶ್ಚಿತವಾದುದು. ಹೊಸಬನಾದ ಹುಡುಗನು ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ, ಪೀಠಿಕೆಯ ಸ್ತ್ರೀವೇಷವಾಗಿ ಕುಣಿದು ಮೆಟ್ಟಲು ಮೆಟ್ಟಲಾಗಿ ಏರಬೇಕು. ಭಾಷೆಯ ಕಟ್ಟಳೆಯಂತೂ ಅಚ್ಚರಿಗೊಳಿಸುವಂಥದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕರ ಮಾತನ್ನೋ ಮರಾಠಿಯನ್ನೋ ಆಡುವವನು ರಂಗಕ್ಕೆ ಬಂದನೆಂದರೆ, ಮುಂದೆ ಬರಹವಿಲ್ಲದೆ, ಗ್ರಾಂಥಿಕ ಕನ್ನಡದಲ್ಲಿಯೇ ಗಂಟೆಗಟ್ಟಲೆ ಅರ್ಥ ಹೇಳಬೇಕು. ಒಂದು ಇಂಗ್ಲಿಷ್ ಶಬ್ದ ನುಸುಳಿದರೆ ಸಭೆ ನಗುತ್ತದೆ. ಆ ನಗೆಗಿಂತ ದೊಡ್ಡ ಶಿಕ್ಷೆಯಿಲ್ಲ. ನಮ್ಮ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಿಯೇ ಕನ್ನಡ ಕಲಿತೆವೆನ್ನುವ ಹಿರಿಯರನ್ನು ನಾವು ಕಂಡಿದ್ದೇವೆ. ಲ್ಯಾಟಿನ್ ಶಾಲೆ ಏನನ್ನು ಬಯಸಿತೋ ಅದನ್ನು ಇಲ್ಲಿ ಗದ್ದೆಯ ಬಯಲು ಮಾಡಿಕೊಟ್ಟಿತು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಕನ್ನಡವು ಇಲ್ಲಿ ಉಳಿದುದಕ್ಕೆ ಶಾಲೆಗಳಷ್ಟೇ ಕಾರಣವಲ್ಲ.

ಇನ್ನೊಂದು ಕಟ್ಟಳೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಮೇಳದಲ್ಲಿಯೂ ಹೆಂಗಸರಿಗೆ ಸ್ಥಳವಿರಲಿಲ್ಲ. ರೋಮಾಪುರಿಯವರಾದರೂ ಬರೆದಿಟ್ಟರು, ನಮ್ಮಲ್ಲಿ ಬರೆಯುವ ಅಗತ್ಯವೇ ಬರಲಿಲ್ಲ. 1947ರಲ್ಲಿ ನಮ್ಮ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಮೇಳಗಳಲ್ಲಿ ರಾತ್ರಿಯಿಡೀ ಭಾಗವತಿಕೆ ಮಾಡಿ, 2024ರಲ್ಲಿ ತೀರಿಕೊಳ್ಳುವಾಗ ಆ ಕಟ್ಟಳೆಯ ಬಲವನ್ನು ಬಹಳ ಮಟ್ಟಿಗೆ ಮುರಿದಿದ್ದರು. 1957ರಲ್ಲಿ ಎರ್ನಾಕುಳದಲ್ಲಿ ಮೊದಲಾದ ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ಯಕ್ಷಗಾನವೂ ಸೇರಿಕೊಂಡುದರಿಂದ ನಮ್ಮ ಹುಡುಗಿಯರು ಕಿರೀಟ ಕಟ್ಟಿಕೊಳ್ಳುವ ದಿನ ಬಂದಿತು.

ಹೀಗಿದ್ದರೂ ನಾವೇ ಒಮ್ಮೆ ತಪ್ಪಿದೆವು. ಒಂದು ವರ್ಷ ಐದನೆಯ ತರಗತಿಯ ಮಕ್ಕಳಿಂದ ಅಭಿಮನ್ಯುವಿನ ಕಥೆಯನ್ನು ಆಡಿಸಹೊರಟು, ಪಾತ್ರ ಹಂಚುವಾಗ ಹುಡುಗರನ್ನೇ ಕರೆದು ನಿಲ್ಲಿಸಿದೆವು. ಯಾವ ಸುತ್ತೋಲೆಯೂ ಹಾಗೆ ಹೇಳಿರಲಿಲ್ಲ. ಕೈ ತಾನಾಗಿ ಆ ಕಡೆಗೆ ಹೋಯಿತು. ನಾಟಕದ ದಿನ ಅಭಿಮನ್ಯುವು ನಡುವೆ ಮಾತು ಮರೆತು ನಿಂತನು. ಪರದೆಯ ಹಿಂದಿನಿಂದ ಮಾತನ್ನು ಎತ್ತಿಕೊಟ್ಟವಳು ಒಬ್ಬ ಹುಡುಗಿ. ಮನೆಮಾತು ಮಲೆಯಾಳ, ತರಗತಿಯಲ್ಲಿ ಕೇಳಿದುದಕ್ಕೆ ತಲೆತಗ್ಗಿಸಿಯೇ ಉತ್ತರ ಕೊಡುವವಳು. ಅವಳಿಗೆ ಅಭಿಮನ್ಯುವಿನ ಮಾತು ಮಾತ್ರವಲ್ಲ, ದ್ರೋಣನದೂ ಸುಭದ್ರೆಯದೂ ಬಾಯಿಪಾಠವಾಗಿತ್ತು.

ಮರುವರ್ಷ ಬಣ್ಣಕ್ಕೂ ಉಡುಪಿಗೂ ಹಣ ಕೂಡಲಿಲ್ಲ. ಶುಕ್ರವಾರದ ಕೊನೆಯ ಅವಧಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಚಾಪೆ ಹಾಸಿ, ಅದೇ ಕಥೆಯನ್ನು ತಾಳಮದ್ದಳೆಯ ಕ್ರಮದಲ್ಲಿ ಮಾಡಿಸಿದೆವು. ಅಭಿಮನ್ಯುವಿನ ಅರ್ಥ ಅವಳದು. ನಾವು ಬರೆದುಕೊಟ್ಟ ಮಾತು ಮುಗಿದ ಮೇಲೂ ಅವಳು ನಿಲ್ಲಿಸಲಿಲ್ಲ. ದ್ರೋಣನಿಗೆ ತನ್ನದೇ ಒಂದು ಪ್ರಶ್ನೆಯನ್ನು ಹಾಕಿದಳು. ಕಳೆದ ವರ್ಷದ ಅಭಿಮನ್ಯುವೇ ಈ ಸಲ ದ್ರೋಣ. ಉತ್ತರ ತೋಚದೆ ಅವನು ನಮ್ಮ ಮುಖವನ್ನು ನೋಡಿದನು.